ಗೇಣುದ್ದದ ದೂರದಿಂದ

ಕಾಞಂಗಾಡಿನಿಂದ ಮೂಡಣಕ್ಕೆ ಹೊರಟು, ರಾಜಪುರವನ್ನೂ ಪನತ್ತಡಿಯನ್ನೂ ಹಿಂದೆ ಹಾಕಿ, ರಬ್ಬರು ತೋಟಗಳ ನಡುವೆ ಏರುತ್ತ ಹೋಗುವ ದಾರಿಯಲ್ಲಿ ಸುಮಾರು 48 ಕಿಲೊಮೀಟರು ಕ್ರಮಿಸಿದ ಮೇಲೆ ಸಿಗುವ ರಾಣಿಪುರಂ ಗುಡ್ಡಕ್ಕೆ ಜನರು ಬರುವುದು ಬಹುಮಟ್ಟಿಗೆ ಅದರ ನೆತ್ತಿಯ ಮೇಲಿನ ಹುಲ್ಲುಗಾವಲನ್ನು ನೋಡುವುದಕ್ಕಾಗಿ. ಅರಣ್ಯ ಇಲಾಖೆಯ ಚೀಟಿಯನ್ನು ಪಡೆದು, ಕಾಡಿನೊಳಗಣ ಕಾಲುದಾರಿಯನ್ನು ಬೇಗಬೇಗನೆ ತುಳಿದು, ಮೇಲೆ ಹೋಗಿ ಮಂಜಿನ ಹಿನ್ನೆಲೆಯಲ್ಲಿ ತಮ್ಮ ತಮ್ಮ ಚಿತ್ರಗಳನ್ನೇ ತೆಗೆದುಕೊಂಡು, ಮಧ್ಯಾಹ್ನದ ಊಟದ ಹೊತ್ತಿಗೆ ಕೆಳಗಿಳಿದುಬಿಡುವ ತರುಣರಿಗೆ ಆ ಕಾಡು ಬೆಟ್ಟದ ತುದಿಗೆ ಕೊಂಡೊಯ್ಯುವ ಒಂದು ಓಣಿ ಮಾತ್ರ. ನಾನು ಹೋದದ್ದು ಆ ಓಣಿಗಾಗಿಯೇ. ಅಕ್ಟೋಬರಿನ ಒಂದು ಬೆಳಗ್ಗೆ ಎಂಟು ಗಂಟೆಗೆ ಕಾಲಿಟ್ಟವನು ಹನ್ನೊಂದೂವರೆಯ ಹೊತ್ತಿಗೆ ನಡೆದಿದ್ದ ದೂರ ಮುನ್ನೂರು ಹೆಜ್ಜೆಯನ್ನು ಮೀರಿರಲಾರದು. ನನ್ನೊಡನೆ ಬಂದಿದ್ದ ವನಸಂರಕ್ಷಣಾ ಸಮಿತಿಯ ಮಾರ್ಗದರ್ಶಿ ಮೊದಲ ಅರ್ಧ ಗಂಟೆ ಸೌಜನ್ಯಕ್ಕಾಗಿ ನಿಂತೇ ಇದ್ದವರು, ಅನಂತರ ಒಂದು ಬಂಡೆಯ ಮೇಲೆ ಕುಳಿತು, “ಮಾಷ್ಟ್ರೇ, ನೀವು ನಿಮ್ಮ ಹುಳಗಳನ್ನು ನೋಡಿ ಮುಗಿಸಿ. ಗುಡ್ಡ ಎಲ್ಲಿಗೂ ಓಡುವುದಿಲ್ಲ” ಎಂದು ಎಲೆಯಡಕೆಯ ಸಂಚಿಯನ್ನು ಬಿಚ್ಚಿದರು.

ಈ ಗುಡ್ಡಕ್ಕೆ ಹಿಂದೆ ಇದ್ದ ಹೆಸರು ಮಾಡತ್ತುಮಲ. 1970ರ ಸುಮಾರಿಗೆ ಕೋಟ್ಟಯಂ ಧರ್ಮಪ್ರಾಂತದವರು ಇಲ್ಲಿ ಭೂಮಿಯನ್ನು ಕೊಂಡು ವಲಸೆ ಬಂದ ಕುಟುಂಬಗಳನ್ನು ನೆಲೆಗೊಳಿಸಿದಂದಿನಿಂದ, ಮೇರಿಮಾತೆಯ ಗೌರವಾರ್ಥವಾಗಿ, ರಾಣಿಪುರಂ ಎಂಬ ಹೆಸರು ರೂಢಿಗೆ ಬಂತು. ಕರಾವಳಿಯ ಮುರಕಲ್ಲಿನ ಬೋಳುಗುಡ್ಡೆಗಳನ್ನೂ, ಚಂದ್ರಗಿರಿ ಹೊಳೆಯನ್ನೂ, ಬೇಕಲದ ಕೋಟೆಯನ್ನೂ ನೋಡಿ ಕಾಸರಗೋಡು ಇಷ್ಟೇ ಎಂದು ಬಗೆದವರಿಗೆ, ಅದೇ ಜಿಲ್ಲೆಯ ಮೂಡಣ ಮೂಲೆಯಲ್ಲಿ ಕರ್ನಾಟಕದ ತಲಕಾವೇರಿ ವನ್ಯಧಾಮದೊಡನೆ ಅಂಟಿಕೊಂಡಿರುವ ಇಂಥದೊಂದು ನಿತ್ಯಹರಿದ್ವರ್ಣದ ಅರಣ್ಯವಿದೆಯೆಂಬುದು ಸುಲಭವಾಗಿ ನಂಬಿಕೆಗೆ ಬರುವುದಿಲ್ಲ. ಮಳೆಗಾಲ ಹಿಂಜರಿದು ಬಿಸಿಲು ಇನ್ನೂ ಬಲಿಯದ ಆ ಸಂಧಿಕಾಲದಲ್ಲಿ ಜೇಡಗಳು ಪೂರ್ಣವಾಗಿ ಬೆಳೆದು ತಮ್ಮ ಬಲೆಗಳನ್ನು ದಾರಿಗಡ್ಡಲಾಗಿ ಕಟ್ಟಿರುತ್ತವೆ. ಎಲೆಗಳು ತಿನ್ನುವವರಿಂದಲೂ ತಿನ್ನುವವರನ್ನು ತಿನ್ನುವವರಿಂದಲೂ ತುಂಬಿರುತ್ತವೆ. ಉಂಬಳಗಳೂ ಇರುತ್ತವೆ. ಸುಣ್ಣ ಹೊಗೆಸೊಪ್ಪುಗಳನ್ನು ಕಾಲಿಗೆ ಹಚ್ಚಿಕೊಳ್ಳುವ ಉಪಾಯ ನಡೆಯುತ್ತಲೇ ಇರುವವನಿಗೆ ಸರಿ. ಒಂದು ಕಡೆ ಮೊಣಕಾಲೂರಿ ಇಪ್ಪತ್ತು ನಿಮಿಷ ಅಲುಗದೆ ಕುಳಿತುಕೊಳ್ಳುವವನು ಒಂದಿಷ್ಟು ರಕ್ತವನ್ನು ಕಾಡಿಗೆ ತೆರಿಗೆಯಾಗಿ ತೆರಲೇಬೇಕು.

ಆ ಬೆಳಗ್ಗೆ ನನ್ನನ್ನು ಬಹುಕಾಲ ಹಿಡಿದು ನಿಲ್ಲಿಸಿದ್ದು ಯಾವುದೋ ದುರ್ಲಭ ಜೀವಿಯೆಂದು ವಾಚಕರು ಊಹಿಸಬೇಕಾಗಿಲ್ಲ. ನಮ್ಮ ಮಾವು, ಹಲಸು, ಗೇರು ಮರಗಳಲ್ಲೆಲ್ಲ ಇರುವ, ಮರ ಹತ್ತಿದ ಹುಡುಗರೆಲ್ಲರೂ ಒಮ್ಮೆಯಾದರೂ ಕಚ್ಚಿಸಿಕೊಂಡಿರುವ, ಕೆಂಜಗು ಬಣ್ಣದ ಚಗಳಿ ಇರುವೆಯೇ ಅದು. ಮಲೆನಾಡಿನ ಕೆಲವೆಡೆ ಇದರ ಚಟ್ನಿಯನ್ನು ಅರೆದು ಉಣ್ಣುವವರೂ ಉಂಟು. ದಾರಿಯ ಪಕ್ಕದ ಒಂದು ಗಿಡದಲ್ಲಿ ಅವು ಗೂಡು ಕಟ್ಟುವ ಕಾರ್ಯದಲ್ಲಿ ತೊಡಗಿದ್ದವು. ಒಂದು ಎಲೆಯ ಅಂಚನ್ನು ಹಿಂಗಾಲುಗಳಿಂದ ಹಿಡಿದು, ಇನ್ನೊಂದು ಎಲೆಯ ಅಂಚನ್ನು ದವಡೆಯಿಂದ ಕಚ್ಚಿ, ಎರಡರ ನಡುವಣ ಅಂತರ ತಮ್ಮ ಮೈಯುದ್ದಕ್ಕಿಂತ ಮಿಗಿಲಾದಲ್ಲಿ ಒಂದರ ಸೊಂಟವನ್ನು ಮತ್ತೊಂದು ಹಿಡಿದು ಸರಪಳಿಯಾಗಿ, ಎಲೆಗಳನ್ನು ಬಳಿಗೆಳೆದು ನಿಲ್ಲಿಸಿದ ಮೇಲೆ, ಗೂಡಿನೊಳಗಿಂದ ಬಂದ ಬೇರೆ ಕೆಲವು ಇರುವೆಗಳು ತಮ್ಮದೇ ಬಿಳಿಯ ಮರಿಹುಳಗಳನ್ನು ಬಾಯಲ್ಲಿ ಹಿಡಿದು ಈ ಅಂಚಿಗೊಮ್ಮೆ ಆ ಅಂಚಿಗೊಮ್ಮೆ ತಾಗಿಸುತ್ತ ಹೋಗುತ್ತವೆ. ದೊಡ್ಡ ಇರುವೆಗೆ ನೂಲು ಬಾರದು. ನೂಲು ಇರುವುದು ಮರಿಯ ಬಾಯಲ್ಲಿ. ಮಗುವನ್ನೇ ಮಗ್ಗದ ಲಾಳಿಯಾಗಿ ಬಳಸಿ ಮನೆಯನ್ನು ನೇಯುವ ಈ ವಿದ್ಯೆಯನ್ನು ಕಣ್ಣಾರೆ ಕಂಡವರು ವಿರಳ. ಕಾಣಬೇಕಾದರೆ ಮುಖವನ್ನು ಗೂಡಿನಿಂದ ಒಂದು ಗೇಣಿನೊಳಗೆ ತರಬೇಕು, ಹಾಗೆ ತಂದವನ ಮೂಗನ್ನು ಚಗಳಿ ಸುಮ್ಮನೆ ಬಿಡುವುದಿಲ್ಲ.

ಚಿತ್ರವನ್ನು ತೆಗೆಯುತ್ತಿರುವಾಗ, ಸಾಲಿನಿಂದ ಕೊಂಚ ದೂರ ಒಂದು ಎಲೆಯ ಬೆನ್ನಿನ ಮೇಲೆ ಒಬ್ಬಂಟಿಯಾಗಿ ಓಡಾಡುತ್ತಿದ್ದ ಒಂದು ಇರುವೆಯ ನಡಿಗೆ ನನಗೇಕೋ ಸರಿಯೆನಿಸಲಿಲ್ಲ. ಬಣ್ಣ ಅದೇ, ಗಾತ್ರ ಅದೇ, ಸಪೂರ ಸೊಂಟ ಅದೇ. ಆದರೆ ಇರುವೆಯ ಓಟದಲ್ಲಿರುವ ನಿಶ್ಚಿತ ಧಾಟಿ ಇದರಲ್ಲಿಲ್ಲ, ನಾಲ್ಕು ಹೆಜ್ಜೆಗೊಮ್ಮೆ ನಿಂತು ಯೋಚಿಸುವಂತೆ ತೋರುತ್ತಿತ್ತು. ಕ್ಯಾಮರಾದ ಪರದೆಯಲ್ಲಿ ಚಿತ್ರವನ್ನು ಹಿಗ್ಗಿಸಿ ಕಾಲುಗಳನ್ನು ಎಣಿಸಿದೆ: ಎಂಟು. ಮೀಸೆಯೆಂದು ನಾನು ತಿಳಿದದ್ದು ಮೇಲಕ್ಕೆತ್ತಿ ಆಡಿಸುತ್ತಿದ್ದ ಮುಂಗಾಲುಗಳು. ಮಿರ್ಮಾಪ್ಲಾಟಾ ಪ್ಲಾಟಾಲಿಯೋಯ್ಡೀಸ್ ಎಂದು ವಿಜ್ಞಾನಿಗಳು ಕರೆಯುವ, ಚಗಳಿಯ ವೇಷವನ್ನು ಧರಿಸಿ ಚಗಳಿಯ ನೆರೆಯಲ್ಲಿಯೇ ಬಾಳುವ, ನೆಗೆಯುವ ಜೇಡಗಳ ಕುಟುಂಬಕ್ಕೆ ಸೇರಿದ ಜೀವಿ ಅದು. ಚಗಳಿಯ ಕಡಿತದ ರುಚಿಯನ್ನು ಒಮ್ಮೆ ಕಂಡ ಹಕ್ಕಿಯೂ ಕಣಜವೂ ಮತ್ತೆ ಆ ಆಕಾರದ ಬಳಿಗೆ ಸುಳಿಯವು. ಆ ಭಯದ ನೆರಳಿನಲ್ಲಿ ಜೇಡ ಕ್ಷೇಮವಾಗಿರುತ್ತದೆ. ಇದರ ಗಂಡಿನ ದವಡೆಗಳು ಮುಂದಕ್ಕೆ ಉದ್ದವಾಗಿ ಚಾಚಿ ತುದಿಯಲ್ಲಿ ದಪ್ಪವಾಗಿರುವುದರಿಂದ, ಒಂದು ಇರುವೆ ಇನ್ನೊಂದು ಚಿಕ್ಕ ಇರುವೆಯನ್ನು ಬಾಯಲ್ಲಿ ಹೊತ್ತು ನಡೆಯುತ್ತಿದೆಯೆಂದು ನೋಡಿದವರು ತಿಳಿಯಬೇಕು. ವೇಷವನ್ನು ಕಟ್ಟುವಲ್ಲಿ ಇಷ್ಟು ಶ್ರದ್ಧೆ ನಮ್ಮ ಯಕ್ಷಗಾನದ ಚೌಕಿಯಲ್ಲಿಯೂ ಎಲ್ಲ ದಿನ ಕಾಣಸಿಗದು.

ಇದಕ್ಕಿಂತ ಕ್ರೂರವಾದ ಇನ್ನೊಂದು ವೇಷವೂ ಇದೆ. ಅಮೈಸಿಯಾ ಎಂಬ ಏಡಿಜೇಡ ಚಗಳಿಯ ಬಣ್ಣವನ್ನೇ ಹೊತ್ತು, ತನ್ನ ಹಿಂಭಾಗದಲ್ಲಿ ಇರುವೆಯ ಕಣ್ಣುಗಳಂತಿರುವ ಎರಡು ಕರಿಚುಕ್ಕೆಗಳನ್ನು ಇಟ್ಟುಕೊಂಡು, ಗಾಯಗೊಂಡ ಇರುವೆಯಂತೆ ತೊಳಲಾಡುತ್ತದೆ. ಏನಾಯಿತೆಂದು ನೋಡಬಂದ ಚಗಳಿಯ ಕುತ್ತಿಗೆಗೆ ಬಾಯಿಹಾಕಿ, ನೂಲಿನಲ್ಲಿ ಕೆಳಗಿಳಿದು, ಉಳಿದವುಗಳ ಕೈಗೆ ಸಿಗದಂತೆ ನೇತಾಡುತ್ತ ತಿನ್ನುತ್ತದೆ. ಅದನ್ನು ನಾನು ಅಂದು ಕಾಣಲಿಲ್ಲ. ಕಂಡಿದ್ದರೂ ಇರುವೆಯೆಂದೇ ಬಗೆದು ದಾಟಿ ಹೋಗಿದ್ದೆನೇನೋ.

ಇಷ್ಟು ಸಣ್ಣ ಜೀವಿಗಳ ಚಿತ್ರವನ್ನು ತೆಗೆಯುವಲ್ಲಿ ಇರುವ ತೊಡಕು ಏನೆಂಬುದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಮ್ಯಾಕ್ರೊ ಎಂದು ಛಾಯಾಗ್ರಾಹಕರು ಹೇಳುವ ಲೆನ್ಸಿನ ಲಕ್ಷಣ ಇಷ್ಟು: ಹತ್ತು ಮಿಲಿಮೀಟರಿನ ಇರುವೆಯ ಬಿಂಬ ಕ್ಯಾಮರಾದೊಳಗಿನ ಸಂವೇದಕದ ಮೇಲೆ ಹತ್ತೇ ಮಿಲಿಮೀಟರಾಗಿ, ಎಂದರೆ ಒಂದಕ್ಕೊಂದು ಪ್ರಮಾಣದಲ್ಲಿ, ಬೀಳಬೇಕು. ಆ ಪ್ರಮಾಣಕ್ಕೆ ಏರಿದೊಡನೆ ಎರಡು ಕಷ್ಟಗಳು ಒಟ್ಟಿಗೆ ಮೈಮೇಲೆ ಬರುತ್ತವೆ. ಮೊದಲನೆಯದು, ಸ್ಫುಟವಾಗಿ ಮೂಡುವ ಆಳ ನಂಬಲಾಗದಷ್ಟು ಕಿರಿದಾಗುವುದು. ಲೆನ್ಸಿನ ಕಿಂಡಿಯನ್ನು ಹನ್ನೊಂದರ ಅಪರ್ಚರಿಗೆ ಕಿರಿದುಗೊಳಿಸಿದರೂ ಆ ಆಳ ಒಂದು ಮಿಲಿಮೀಟರಿಗಿಂತ ಕೊಂಚವೇ ಅಧಿಕ; ಇರುವೆಯ ಕಣ್ಣು ಸ್ಪಷ್ಟವಾಗಿ ಬಂದರೆ ಅದರ ಹೊಟ್ಟೆ ಮಂಜಾಗುತ್ತದೆ, ಛಾಯಾಗ್ರಾಹಕ ಉಸಿರೆಳೆದರೆ ಕಣ್ಣೂ ಮಂಜಾಗುತ್ತದೆ. ಎರಡನೆಯದು ಬೆಳಕಿನ ದಾರಿದ್ರ್ಯ. ಒಂದಕ್ಕೊಂದು ಪ್ರಮಾಣದಲ್ಲಿ ಸಂವೇದಕಕ್ಕೆ ತಲಪುವ ಬೆಳಕು ದೂರದ ದೃಶ್ಯಕ್ಕೆ ದೊರಕುವುದರ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಮೊದಲೇ ಮರಗಳ ಮೇಲ್ಛಾವಣಿಯ ಕೆಳಗೆ ನಡುಹಗಲಲ್ಲಿಯೂ ಸಂಜೆಯ ಬೆಳಕು. ಸಾಲದ್ದಕ್ಕೆ ಕಿಂಡಿಯನ್ನೂ ನಾವು ಕಿರಿದುಗೊಳಿಸಿದ್ದೇವೆ. ಆಳ ಬೇಕೆಂದರೆ ಬೆಳಕು ಹೋಗುತ್ತದೆ, ಬೆಳಕು ಬೇಕೆಂದರೆ ಆಳ ಹೋಗುತ್ತದೆ.

ಆದುದರಿಂದ ಫ್ಲ್ಯಾಶು ಅನಿವಾರ್ಯ. ಅದರ ಮಿಂಚು, ಬಲವನ್ನು ತಗ್ಗಿಸಿ ಇಟ್ಟಾಗ, ಸೆಕೆಂಡಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ಅಲ್ಪಕಾಲ ಮಾತ್ರ ಇರುವುದರಿಂದ ಕೈಯ ನಡುಕವೂ ಎಲೆಯ ಅಲುಗಾಟವೂ ಚಿತ್ರದಲ್ಲಿ ಕಾಣಿಸವು. ಆದರೆ ಬರಿಯ ಫ್ಲ್ಯಾಶಿನ ಬೆಳಕು ದುಂಬಿಯ ಬೆನ್ನಿನ ಮೇಲೆ ಬಿದ್ದರೆ ತಗಡಿನ ಮೇಲೆ ಬಿದ್ದ ಬಿಸಿಲಿನಂತೆ ಕಣ್ಣು ಕುಕ್ಕುತ್ತದೆ; ಅದನ್ನು ಮೃದುಗೊಳಿಸುವುದಕ್ಕೆ ಡಿಫ್ಯೂಸರು ಬೇಕು. ಅಂಗಡಿಯಲ್ಲಿ ಅದಕ್ಕೆ ಹೇಳುವ ಬೆಲೆಯನ್ನು ಕೇಳಿ ನಾನು ಮನೆಗೆ ಬಂದು, ಹಾಲಿನ ಬಣ್ಣದ ಒಂದು ಪ್ಲಾಸ್ಟಿಕ್ ಡಬ್ಬದ ತಳವನ್ನು ಕತ್ತರಿಸಿ, ಒಳಗೆ ಹಳೆಯ ಪಂಚೆಯ ಒಂದು ತುಂಡನ್ನು ಅಂಟಿಸಿಕೊಂಡೆ. ಅದು ಮೂರು ಮಳೆಗಾಲಗಳನ್ನು ಕಂಡಿದೆ. ಹಾಗೆಯೇ ದುಬಾರಿ ಮ್ಯಾಕ್ರೊ ಲೆನ್ಸು ಇಲ್ಲದವರು ಹಳೆಯ 50 ಮಿಲಿಮೀಟರಿನ ಲೆನ್ಸೊಂದನ್ನು ಹಿಂದುಮುಂದಾಗಿಸಿ ಕ್ಯಾಮರಾಕ್ಕೆ ಜೋಡಿಸುವ ಒಂದು ಬಳೆಯನ್ನು ಕೊಂಡರೆ ಹೆಚ್ಚುಕಡಿಮೆ ಅದೇ ಪ್ರಮಾಣಕ್ಕೆ ತಲಪಬಹುದು. ಮೊಬೈಲಿಗೆ ಸಿಕ್ಕಿಸುವ ಪುಟ್ಟ ಲೆನ್ಸುಗಳನ್ನೂ ತಿರಸ್ಕರಿಸಬೇಕಾಗಿಲ್ಲ. ಅವುಗಳಿಂದ ತೆಗೆದ ಕೆಲವು ಚಿತ್ರಗಳು ನನ್ನವಕ್ಕಿಂತ ಉತ್ತಮವಾಗಿರುವುದನ್ನು ಒಪ್ಪಿಕೊಳ್ಳುತ್ತೇನೆ. ಟ್ರೈಪಾಡನ್ನು ಮಾತ್ರ ಈ ದಾರಿಗೆ ತರಬೇಡಿ. ಅದರ ಮೂರು ಕಾಲುಗಳನ್ನು ಬಿಡಿಸುವಷ್ಟರಲ್ಲಿ ಆರು ಕಾಲಿನವರು ಎದ್ದು ಹೋಗಿರುತ್ತಾರೆ.

ಎಂಟು ಕಾಲಿನವರಲ್ಲಿ ಕೆಲವರು ಹಾಗೆ ಹೋಗುವುದಿಲ್ಲ, ಬದಲಾಗಿ ತಿರುಗಿ ನಿಂತು ನಮ್ಮನ್ನೇ ನೋಡುತ್ತಾರೆ. ನೆಗೆಯುವ ಜೇಡಗಳು ಬಲೆಯನ್ನು ಹೆಣೆದು ಕಾಯುವವಲ್ಲ, ಕಣ್ಣಿನಿಂದ ಬೇಟೆಯಾಡುವಂಥವು. ಜಗತ್ತಿನಲ್ಲಿ ಆರು ಸಾವಿರಕ್ಕೂ ಮಿಕ್ಕ ಜಾತಿಗಳಿರುವ ಈ ಕುಟುಂಬ ಜೇಡಗಳಲ್ಲೆಲ್ಲ ಅತಿ ದೊಡ್ಡದು. ಎಂಟು ಕಣ್ಣುಗಳಲ್ಲಿ ನಡುವಣ ಎರಡು ಮೋಟಾರಿನ ದೀಪಗಳಂತೆ ದೊಡ್ಡವಾಗಿದ್ದು, ಅವುಗಳ ಮಸೂರ ತಲೆಗೆ ಬಿಗಿಯಾಗಿ ಕೂಡಿಕೊಂಡಿರುತ್ತದೆ. ಒಳಗಿನ ಅಕ್ಷಿಪಟ ಮಾತ್ರ ಕೊಳವೆಯೊಂದರ ತುದಿಯಲ್ಲಿದ್ದು ಅತ್ತಿತ್ತ ಚಲಿಸಬಲ್ಲದು. ಇದರಿಂದ ಒಂದು ವಿಚಿತ್ರ ಸಂಗತಿ ಒದಗುತ್ತದೆ. ಜೇಡ ನೇರವಾಗಿ ಲೆನ್ಸನ್ನು ನೋಡುತ್ತಿರುವಾಗ ತೆಗೆದ ಚಿತ್ರದಲ್ಲಿ ಆ ಕಣ್ಣು ಕಪ್ಪಗೆ ಆಳವಾಗಿರುತ್ತದೆ; ಮುಂದಿನ ಚಿತ್ರದಲ್ಲಿ ಮೈ ಒಂದಿಷ್ಟೂ ಅಲುಗಿರದಿದ್ದರೂ ಕಣ್ಣು ಕಂದುಬಣ್ಣಕ್ಕೆ ತಿರುಗಿರುತ್ತದೆ, ಏಕೆಂದರೆ ಅದರ ನೋಟ ಒಳಗಿಂದೊಳಗೇ ಬೇರೆಡೆಗೆ ಸರಿದಿದೆ. ಐದಾರು ಮಿಲಿಮೀಟರಿನ ಒಂದು ಜೀವ ತನ್ನ ಗಮನವನ್ನು ನನ್ನಿಂದ ತೆಗೆದು ಇನ್ನೊಂದರ ಮೇಲಿಟ್ಟ ಕ್ಷಣ ಹೀಗೆ ಬಣ್ಣವಾಗಿ ದಾಖಲಾಗುವುದನ್ನು ಮೊದಲ ಬಾರಿ ಅರ್ಥಮಾಡಿಕೊಂಡಂದು ನನಗೆ ರಾತ್ರಿ ಬಹುಹೊತ್ತು ನಿದ್ರೆ ಬರಲಿಲ್ಲ.

ದಾರಿಯ ತಿರುವಿನಲ್ಲಿ ಎರಡು ಮರಗಳ ನಡುವೆ ಆಳೆತ್ತರದ ಬಲೆಯನ್ನು ಹರಡಿ ಕುಳಿತಿದ್ದ ನೆಫಿಲಾ ಜೇಡಕ್ಕೆ ಇಂಥ ಕಣ್ಣಿಲ್ಲ. ಅದರ ಲೋಕವೆಲ್ಲ ನೂಲಿನ ಕಂಪನ. ಹೆಣ್ಣಿನ ಮೈ ನನ್ನ ಹೆಬ್ಬೆರಳಷ್ಟು, ಅದರ ಬಲೆಯ ಅಂಚಿನಲ್ಲಿ ಅಳುಕುತ್ತ ನಿಂತಿದ್ದ ಗಂಡು ಅಕ್ಕಿಕಾಳಿನಷ್ಟು. ಮರಗಳ ಸಂದಿಯಿಂದ ಇಳಿದ ಬಿಸಿಲಿನಲ್ಲಿ ನೂಲು ಹೊಂಬಣ್ಣಕ್ಕೆ ಹೊಳೆಯುತ್ತಿತ್ತು. ಆ ಬಣ್ಣ ಬಿಸಿಲಿನದಲ್ಲ, ನೂಲಿನದೇ. ಮಡಗಾಸ್ಕರಿನಲ್ಲಿ ಇದರ ದಾಯಾದಿಗಳಾದ ಹತ್ತು ಲಕ್ಷಕ್ಕೂ ಮಿಕ್ಕ ಜೇಡಗಳ ನೂಲನ್ನು ಸೆಳೆದು ನೇಯ್ದ, ಯಾವ ಬಣ್ಣವನ್ನೂ ಹಾಕದ ಹೊಂಬಟ್ಟೆಯೊಂದನ್ನು 2009ರಲ್ಲಿ ನ್ಯೂಯಾರ್ಕಿನ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕೆ ಇರಿಸಿದ್ದರು. ಮುಂಡಕೋಪನಿಷತ್ತಿನ ಋಷಿ ತನ್ನೊಳಗಿಂದಲೇ ನೂಲನ್ನು ಹೊರಗೆಡಹಿ ತನ್ನೊಳಗೇ ಸೆಳೆದುಕೊಳ್ಳುವ ಊರ್ಣನಾಭವನ್ನು ಸೃಷ್ಟಿಗೆ ಉಪಮಾನವಾಗಿ ಬಳಸಿದಾಗ ಆತ ಕಂಡಿದ್ದು ಪ್ರಾಯಶಃ ಇಂಥದೇ ಒಂದು ದೊಡ್ಡ ಬಲೆಯನ್ನು. ಆ ಮಾತಿನ ಹಿಂದೆ ಪ್ರತ್ಯಕ್ಷ ವೀಕ್ಷಣೆಯಿದೆ: ಹಲವು ಜೇಡಗಳು ಹಳೆಯ ಬಲೆಯನ್ನು ನಿಜವಾಗಿಯೂ ತಿಂದುಬಿಡುತ್ತವೆ.

ನಮ್ಮ ಪೂರ್ವಿಕರು ನೋಡಿರಲಿಲ್ಲವೆಂದು ಹೇಳುವುದು ಅನ್ಯಾಯವಾದೀತು. ಅವರು ನೋಡಿದ್ದರು, ಆದರೆ ನಡುವೆ ಒಂದೆರಡು ಅಂಕಗಳು ತಪ್ಪಿಹೋಗಿದ್ದವು. ಭ್ರಮರಕೀಟನ್ಯಾಯವೆಂಬ ಮಾತು ವೇದಾಂತವನ್ನು ಕೇಳಿದವರಿಗೆಲ್ಲ ಪರಿಚಿತ. ಕೀಟವೊಂದು ತನ್ನನ್ನು ಹಿಡಿದು ತಂದ ಭ್ರಮರವನ್ನೇ ಎಡೆಬಿಡದೆ ಧ್ಯಾನಿಸಿ ತಾನೂ ಭ್ರಮರವಾಗುವಂತೆ, ಜೀವನು ಬ್ರಹ್ಮವನ್ನು ಧ್ಯಾನಿಸಿ ಬ್ರಹ್ಮವೇ ಆಗುತ್ತಾನೆಂಬುದು ಅದರ ತಾತ್ಪರ್ಯ. ಈ ನ್ಯಾಯದ ಮೂಲವನ್ನು ನೀವು ನಿಮ್ಮ ಮನೆಯ ಜಗಲಿಯ ಮಾಡಿನ ಕೆಳಗೇ ನೋಡಬಹುದು. ಕುಂಬಾರ ಹುಳುವೆಂಬ ಕಣಜ ಒದ್ದೆ ಮಣ್ಣಿನಿಂದ ಪುಟ್ಟ ಮಡಕೆಯನ್ನು ಕಟ್ಟಿ, ಅದರೊಳಗೆ ತನ್ನ ಮೊಟ್ಟೆಯನ್ನಿಟ್ಟು, ಕಂಬಳಿಹುಳದಂಥ ಮರಿಗಳನ್ನು ಕುಟುಕಿ ಜಡಗೊಳಿಸಿ ತಂದು ತುಂಬಿ ಬಾಯನ್ನು ಮುಚ್ಚುತ್ತದೆ. ಒಳಗೆ ಹೋದದ್ದು ಹುಳ. ಕೆಲವು ವಾರಗಳ ಅನಂತರ ಗೋಡೆಯನ್ನು ಕೊರೆದು ಹೊರಬಂದದ್ದು ಕಣಜ. ನಡುವೆ ಮಣ್ಣಿನ ಗೋಡೆಯ ಆಚೆ ನಡೆದದ್ದು ಧ್ಯಾನವಲ್ಲ, ಭೋಜನ. ಕಣಜದ ಮರಿ ಆ ಸಜೀವ ಬುತ್ತಿಯನ್ನು ತಿಂದು ಬೆಳೆದಿತ್ತು. ನಮ್ಮ ಮನೆಯ ಕಿಟಕಿಯ ಚೌಕಟ್ಟಿನಲ್ಲಿ ಇಂಥದೊಂದು ಮಡಕೆ ಅಕಸ್ಮಾತ್ತಾಗಿ ಒಡೆದಾಗ, ಉಳಿದ ಅರೆಮಡಕೆಯನ್ನು ದಿನಕ್ಕೊಮ್ಮೆ ಚಿತ್ರ ತೆಗೆಯುತ್ತ ಹೋದೆ. ಆರನೆಯ ದಿನದ ಹೊತ್ತಿಗೆ ನ್ಯಾಯಶಾಸ್ತ್ರ ಇತ್ಯರ್ಥವಾಗಿತ್ತು. ವೇದಾಂತಕ್ಕೆ ಇದರಿಂದ ಏನೂ ಹಾನಿಯಿಲ್ಲ. ಉಪಮೆಗೆ ಮಾತ್ರ ಸ್ವಲ್ಪ ಪೆಟ್ಟು. ಮಳೆಯ ವರ್ಣನೆಯಲ್ಲಿ ಕವಿಗಳು ಬಿಡದೆ ತರುವ ಇಂದ್ರಗೋಪವೂ ಹೀಗೆಯೇ. ಕೆಂಪು ಮಖಮಲ್ಲಿನ ಆ ಪುಟ್ಟ ಹುಳುವಿನ ಚಿತ್ರವನ್ನು ಹಿಗ್ಗಿಸಿ ನೋಡಿದರೆ ಕಾಲುಗಳು ಎಂಟು, ಆದ್ದರಿಂದ ಅದು ಕೀಟವೇ ಅಲ್ಲ, ಜೇಡದ ಬಂಧು.

ಹೆಸರುಗಳ ವಿಷಯದಲ್ಲಿ ಕಾಸರಗೋಡು ಒಂದು ವಿನೋದದ ನೆಲ. ಸಪ್ತಭಾಷಾ ಸಂಗಮವೆಂದು ಹೆಮ್ಮೆಪಡುವ ಈ ಜಿಲ್ಲೆಯಲ್ಲಿ ಒಂದೇ ಶಬ್ದ ಗಡಿಯನ್ನು ದಾಟಿದೊಡನೆ ರೆಕ್ಕೆಗಳನ್ನು ಬದಲಿಸಿಕೊಳ್ಳುವುದುಂಟು. ನಮ್ಮ ಮಾರ್ಗದರ್ಶಿ ಆಕಾಶದತ್ತ ಕೈಮಾಡಿ, “ನೋಡಿ, ತುಂಬಿ ಬಂದವು” ಎಂದಾಗ ನಾನು ಕನ್ನಡ ಕಾವ್ಯಗಳ ಮರಿದುಂಬಿಯನ್ನು ನೆನೆದು ಹೂವುಗಳತ್ತ ನೋಡಿದೆ. ಅವರು ತೋರಿಸಿದ್ದು ನಮ್ಮ ಮಕ್ಕಳು ಏರೋಪ್ಲೇನ್ ಚಿಟ್ಟೆಯೆಂದು ಕರೆಯುವ, ತೇಜಸ್ವಿಯವರ ಪುಸ್ತಕವೊಂದಕ್ಕೆ ಹೆಸರನ್ನೂ ಕೊಟ್ಟ ಜೀವಿಯನ್ನು. ಮಲಯಾಳದಲ್ಲಿ ತುಂಬಿಯೆಂದರೆ ಅದೇ. ತುಲಾಮಾಸದಲ್ಲಿ ಹಿಂಡುಹಿಂಡಾಗಿ ಕಾಣಿಸಿಕೊಳ್ಳುವ ಹಳದಿ ಮೈಯದು ತುಲಾತುಂಬಿ. ನಾಲ್ಕೂವರೆ ಸೆಂಟಿಮೀಟರಿನ ಈ ಜೀವ ಈಶಾನ್ಯ ಮಾರುತದ ಬೆನ್ನೇರಿ ಮಾಲ್ಡೀವ್ಸ್, ಸೇಷೆಲ್ಸ್ ದ್ವೀಪಗಳ ಮೂಲಕ ಆಫ್ರಿಕದ ಮೂಡಣ ಕರೆಯವರೆಗೆ ಕಡಲನ್ನು ದಾಟುತ್ತಿರಬೇಕೆಂದು ಮಾಲ್ಡೀವ್ಸಿನಲ್ಲಿ ನೆಲೆಸಿದ್ದ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಪ್ರತಿಪಾದಿಸಿದರು. ಆತನ ಬಂಡವಾಳವೆಂದರೆ, ಸಿಹಿನೀರೇ ಇಲ್ಲವೆನ್ನಬಹುದಾದ ಆ ದ್ವೀಪಗಳಲ್ಲಿ ಯಾವ ವರ್ಷ ಯಾವ ದಿನ ತುಂಬಿಗಳು ಕಾಣಿಸಿಕೊಂಡವೆಂದು ವರ್ಷಾನುಗಟ್ಟಲೆ ಬರೆದಿಟ್ಟ ತಾರೀಖುಗಳು.

ತಾರೀಖು, ಊರು: ಈ ಎರಡನ್ನು ಬರೆದಿಡುವ ಶಿಸ್ತು ಹಳೆಯದು. ಮದರಾಸು ಸರಕಾರದ ಕೀಟಶಾಸ್ತ್ರಜ್ಞನಾಗಿದ್ದ ಬೇನ್‌ಬ್ರಿಜ್ ಫ್ಲೆಚರ್ 1914ರಲ್ಲಿ ದಕ್ಷಿಣ ಭಾರತದ ಕೀಟಗಳ ಕುರಿತು ದೊಡ್ಡದೊಂದು ಗ್ರಂಥವನ್ನು ಪ್ರಕಟಿಸಿದಾಗ ನಮ್ಮ ಕಾಸರಗೋಡು ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಸೇನೆಯ ವೈದ್ಯನಾಗಿದ್ದ ಫ್ರೇಸರ್ 1933ರಿಂದ 36ರವರೆಗೆ ಈ ದೇಶದ ಏರೋಪ್ಲೇನ್ ಚಿಟ್ಟೆಗಳ ಬಗ್ಗೆ ಮೂರು ಸಂಪುಟಗಳನ್ನು ಬರೆದ. ಅವರೆಲ್ಲ ಕೀಟವನ್ನು ಕೊಂದು, ಸೂಜಿಯಿಂದ ಚುಚ್ಚಿ, ಸೂಜಿಯ ಬುಡದಲ್ಲಿ ಅಂಗುಲದಗಲದ ಚೀಟಿಯಲ್ಲಿ ಸ್ಥಳವನ್ನೂ ದಿನವನ್ನೂ ಬರೆದು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಚೀಟಿಯಿಲ್ಲದ ಕೀಟಕ್ಕೆ ಸಂಗ್ರಹಾಲಯದಲ್ಲಿ ಬೆಲೆಯಿಲ್ಲ. ಕೊಲ್ಲದೆ ಚಿತ್ರ ತೆಗೆಯುವ ನಾವು ಆ ಸೂಜಿಯನ್ನು ಬಿಟ್ಟೆವು, ಒಳ್ಳೆಯದೇ ಆಯಿತು. ಅದರೊಡನೆ ಚೀಟಿಯನ್ನೂ ಬಿಟ್ಟುಬಿಟ್ಟೆವೇನೋ ಎಂಬ ಅನುಮಾನ ನನ್ನನ್ನು ಕಾಡುತ್ತದೆ. ಇನ್ನೊಂದು ಮಾತನ್ನೂ ಹೇಳಬೇಕು. ಫ್ಲೆಚರನ ಗ್ರಂಥದ ಶೀರ್ಷಿಕೆಯಲ್ಲಿಯೇ, ಇದು ವಿಶೇಷವಾಗಿ ಆರ್ಥಿಕ ದೃಷ್ಟಿಯಿಂದ ಮಾಡಿದ ವಿಚಾರವೆಂಬ ಒಕ್ಕಣೆಯಿದೆ. ಕೀಟವೆಂದರೆ ಲಾಭ ಅಥವಾ ನಷ್ಟವೆಂಬ ಆ ಎಣಿಕೆ ಈ ಜಿಲ್ಲೆಗೆ ಮುಂದೆ ಏನನ್ನು ತಂದಿತೆಂಬುದನ್ನು ಹೇಳದೆ ಇಲ್ಲಿಯ ಕೀಟಗಳ ವಿಷಯವನ್ನು ಬರೆಯುವುದು ಆತ್ಮವಂಚನೆಯಾದೀತು.

ಗೇರು ಮರದ ಚಿಗುರಿಗೂ ಹೂಗೊಂಚಲಿಗೂ ಕೊಳವೆಬಾಯಿಯನ್ನು ಚುಚ್ಚಿ ರಸ ಹೀರುವ ಒಂದು ಸಪೂರ ತಿಗಣೆಯಿದೆ. ಅದು ಸೊಳ್ಳೆಯಲ್ಲದಿದ್ದರೂ ಟೀ ಸೊಳ್ಳೆಯೆಂದೇ ಅದಕ್ಕೆ ಹೆಸರು. ಅದು ಕುಟ್ಟಿದ ಚಿಗುರು ಸುಟ್ಟಂತೆ ಕಪ್ಪಾಗುತ್ತದೆ. ಈ ತಿಗಣೆಯನ್ನು ಕೊಲ್ಲುವುದಕ್ಕಾಗಿ 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ, ಕಾಸರಗೋಡಿನ ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಮಿಕ್ಕ ಸರಕಾರಿ ಸ್ವಾಮ್ಯದ ಗೇರುತೋಟಗಳ ಮೇಲೆ ವರ್ಷಕ್ಕೆ ಎರಡು ಮೂರು ಬಾರಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನನ್ನು ಸಿಂಪಡಿಸಲಾಯಿತು. ತೋಟಗಳು ಗುಡ್ಡದ ಮೇಲೆ, ಮನೆಗಳೂ ತೋಡುಗಳೂ ಸುರಂಗದ ನೀರೂ ಗುಡ್ಡದ ಬುಡದಲ್ಲಿ. ಜೇನ್ನೊಣಗಳೂ ಮೀನುಗಳೂ ಸತ್ತ ಸಂಗತಿ, ಕರುಗಳು ವಿಕಲಾಂಗವಾಗಿ ಹುಟ್ಟಿದ ಸಂಗತಿ, ಅನಂತರ ಮನುಷ್ಯರ ಮಕ್ಕಳ ಸಂಗತಿ ಒಂದೊಂದಾಗಿ ಹೊರಬಂದವು. ಎಣ್ಮಕಜೆಯ ಪಡ್ರೆಯಿಂದ ಪತ್ರಕರ್ತ ಶ್ರೀಪಡ್ರೆಯವರೂ, ವಾಣೀನಗರದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರರೂ ಬರೆದು ಬರೆದು ಹೇಳಿದರು. ಕೃಷಿ ಇಲಾಖೆಯಲ್ಲಿದ್ದ ಲೀಲಾಕುಮಾರಿಯಮ್ಮ ಹೊಸದುರ್ಗದ ನ್ಯಾಯಾಲಯಕ್ಕೆ ಹೋಗಿ 2000ದಲ್ಲಿ ತಡೆಯಾಜ್ಞೆಯನ್ನು ತಂದರು. 2011ರ ಮೇ 13ರಂದು ಸುಪ್ರೀಂ ಕೋರ್ಟು ಇಡೀ ದೇಶಕ್ಕೆ ಅನ್ವಯವಾಗುವಂತೆ ಎಂಡೋಸಲ್ಫಾನನ್ನು ನಿಲ್ಲಿಸಿತು. ತೀವ್ರವಾಗಿ ಬಾಧಿತವೆಂದು ಗುರುತಿಸಿದ ಹನ್ನೊಂದು ಪಂಚಾಯತುಗಳ ಪಟ್ಟಿಯಲ್ಲಿ ಪನತ್ತಡಿಯೂ ಇದೆ. ರಾಣಿಪುರಂ ಇರುವುದು ಆ ಪಂಚಾಯತಿನಲ್ಲಿಯೇ.

ನಾನು ಮೊಣಕಾಲೂರಿ ನೋಡುತ್ತಿದ್ದ ಚಗಳಿಯ ಮಾತಿಗೆ ಮತ್ತೆ ಬರುತ್ತೇನೆ. ಗೇರು ಮರದಲ್ಲಿ ಟೀ ಸೊಳ್ಳೆಯನ್ನು ಹುಡುಕಿ ಹಿಡಿದು ತಿನ್ನುವ ಜೀವಿಗಳಲ್ಲಿ ಮುಖ್ಯವಾದದ್ದು ಈ ಚಗಳಿಯೇ; ಚಗಳಿ ಗೂಡು ಕಟ್ಟಿರುವ ಮರದಲ್ಲಿ ಟೀ ಸೊಳ್ಳೆಯ ಹಾವಳಿ ಕಡಿಮೆಯೆಂಬುದನ್ನು ಗೇರಿನ ಬಗ್ಗೆ ಸಂಶೋಧನೆ ನಡೆಸಿದವರು ಬೇರೆ ಬೇರೆ ದೇಶಗಳಲ್ಲಿ ಕಂಡಿದ್ದಾರೆ. ಮರದ ಮೇಲಿನಿಂದ ಸುರಿದ ವಿಷಕ್ಕೆ ತಿಗಣೆಯಾವುದು, ತಿಗಣೆಯನ್ನು ತಿನ್ನುವ ಇರುವೆಯಾವುದು, ಇರುವೆಯ ವೇಷದ ಜೇಡವಾವುದೆಂಬ ಭೇದ ತಿಳಿಯುವುದಿಲ್ಲ. ಅಷ್ಟು ಎತ್ತರದಿಂದ ಅವು ಕಾಣುವುದೂ ಇಲ್ಲ. ಗೇಣುದ್ದದ ದೂರಕ್ಕೆ ಬಾಗಿದವನಿಗೆ ಮಾತ್ರ ಅವು ಮೂರು ಬೇರೆ ಬೇರೆ ಜೀವಗಳು.

2018ರಲ್ಲಿ ಕೇರಳ ಸರಕಾರ ಬುದ್ಧಮಯೂರಿಯೆಂಬ ಪಚ್ಚೆನೀಲಿ ಪಟ್ಟೆಯ ಪಾತರಗಿತ್ತಿಯನ್ನು ರಾಜ್ಯದ ಚಿಟ್ಟೆಯಾಗಿ ಘೋಷಿಸಿತು. 2023ರಲ್ಲಿ ಕಾಸರಗೋಡು ಜಿಲ್ಲಾ ಪಂಚಾಯತು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಜಿಲ್ಲೆಗೆ ಹೆಸರನ್ನು ಕೊಟ್ಟಿತೆನ್ನುವ ಕಾಸರಕವನ್ನು ಜಿಲ್ಲೆಯ ಮರವಾಗಿಯೂ, ಬಿಳಿ ಹೊಟ್ಟೆಯ ಕಡಲ ಹದ್ದನ್ನು ಹಕ್ಕಿಯಾಗಿಯೂ ಆರಿಸಿತು. ಹೊಳೆಯಂಚಿನ ಒಂದು ಹೂವಿಗೂ ಮೃದುಚಿಪ್ಪಿನ ಒಂದು ಆಮೆಗೂ ಆ ಪಂಕ್ತಿಯಲ್ಲಿ ಎಲೆ ಹಾಕಿತು. ಸ್ತುತ್ಯವಾದ ಕೆಲಸವೇ. ಆರು ಕಾಲಿನವರಿಗೆ ಎಲೆ ಬಿದ್ದಿಲ್ಲ. ನನ್ನನ್ನು ಕೇಳಿದರೆ ನಾನು ಹಿಂದುಮುಂದು ನೋಡದೆ ಚಗಳಿಯ ಹೆಸರನ್ನು ಹೇಳುತ್ತೇನೆ.

ಈ ಹವ್ಯಾಸಕ್ಕೆ ಹೊಸದಾಗಿ ಇಳಿಯುವವರಿಗೆ ಹೇಳಬೇಕಾದ ಕಿವಿಮಾತುಗಳು ಹೆಚ್ಚಿಲ್ಲ. ಜೀವಿಯನ್ನು ತಂಪುಪೆಟ್ಟಿಗೆಯಲ್ಲಿಟ್ಟು ಮರಗಟ್ಟಿಸಿ ತಂದು ಎಲೆಯ ಮೇಲೆ ಕೂರಿಸಿ ಚಿತ್ರ ತೆಗೆಯುವವರಿದ್ದಾರೆ. ಕೃತಕ ಹನಿಗಳನ್ನು ಚಿಮುಕಿಸಿ ಇಬ್ಬನಿಯೆಂದು ಹೇಳುವವರೂ ಇದ್ದಾರೆ. ಬಹುಮಾನಗಳು ಅವರಿಗೆ ಬಂದರೂ ಬರಲಿ, ಅವು ಸುಳ್ಳು ಚಿತ್ರಗಳು. ಬೆಳಕಿಗಾಗಿ ಕೊಂಬೆಯನ್ನು ಮುರಿಯುವುದು, ದಾರಿಗಡ್ಡವಾದ ಬಲೆಯನ್ನು ಕೋಲಿನಿಂದ ಸರಿಸುವುದು ಇವೆಲ್ಲ ಬೇಡ. ಬಗ್ಗಿ ನಡೆದರೆ ಬಲೆಯೂ ಉಳಿಯುತ್ತದೆ, ಬಲೆಯ ಕೆಳಗಿನ ಎಲೆಯ ಮೇಲೆ ಇನ್ನೊಂದು ಜೀವಿ ಕಣ್ಣಿಗೂ ಬೀಳುತ್ತದೆ. ತೆಗೆದ ಪ್ರತಿಯೊಂದಕ್ಕೂ ಜಾತಿಯ ಹೆಸರು ಸಿಕ್ಕೀತೆಂಬ ಆಸೆಯನ್ನೂ ಇಟ್ಟುಕೊಳ್ಳಬೇಡಿ. ಜೇಡಗಳಲ್ಲಿಯೂ ದುಂಬಿಗಳಲ್ಲಿಯೂ ಎಷ್ಟೋ ಜಾತಿಗಳನ್ನು ಜನನಾಂಗಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿಯೇ ನಿರ್ಣಯಿಸಬೇಕಾಗುವುದರಿಂದ, ಎಂಥ ಉತ್ತಮ ಚಿತ್ರವನ್ನು ಕಂಡರೂ ಪ್ರಾಮಾಣಿಕ ತಜ್ಞರು ಕುಲದ ಹೆಸರನ್ನು ಹೇಳಿ ಅಲ್ಲಿಗೆ ನಿಲ್ಲಿಸುತ್ತಾರೆ.

ಹೆಲಿಕಾಪ್ಟರು ಬರುವ ಮುನ್ನ ಪಡ್ರೆಯ ತೋಡಿನ ಬದಿಯಲ್ಲಿ ಯಾವ ಚಿಟ್ಟೆಗಳಿದ್ದವು, ಯಾವ ಜೇಡಗಳಿದ್ದವು ಎಂದು ಇಂದು ಕೇಳುವವರಿಗೆ ಹಿರಿಯರ ನೆನಪೇ ಗತಿ. ಈಗ ಹಾಗಲ್ಲ. ಮೊಬೈಲು ಇಲ್ಲದ ಮನೆಯಿಲ್ಲ; ರಾಣಿಪುರಂವರೆಗೆ ಹೋಗಬೇಕೆಂದೂ ಇಲ್ಲ, ಹಿತ್ತಿಲ ಕರಿಬೇವಿನ ಗಿಡ ಸಾಕು, ನಾಗಬನದ ಅಂಚು ಸಾಕು. ಚಿತ್ರ ಮಂಜಾಗಿ ಬಂದರೂ ಅಳಿಸಬೇಡಿ. ಅದರ ಜೊತೆಗೆ ಊರಿನ ಹೆಸರನ್ನೂ ಗಿಡದ ಹೆಸರನ್ನೂ ತಾರೀಖನ್ನೂ ಬರೆದಿಡಿ.